“ಏನ್ ಸಾರ್, ಭಾನುವಾರ ಬರಬೇಕಾ?” ಥ್ಯಾಂಕ್ಸ್ ಹೇಳಿದರೆ ಹುಡುಗರು ಹೀಗೆ ಕೇಳುತ್ತಾರೆ, ಏನು ಮಾಡಲಿ?

ಪೀಣ್ಯ ಎರಡನೇ ಶಿಫ್ಟ್

ಎಲ್ಲರಿಗೂ ನಮಸ್ಕಾರ. ಪೀಣ್ಯದ ಒಂದು ಮೆಷಿನ್ ಶಾಪ್‌ನಲ್ಲಿ 11 ವರ್ಷದಿಂದ ಇದ್ದೇನೆ. ಮೊದಲು ಸಿಎನ್‌ಸಿ (ಕಂಪ್ಯೂಟರ್‌ನಿಂದ ಓಡುವ ಮೆಷಿನ್) ಆಪರೇಟರ್, ಆಮೇಲೆ ಸೆಟ್ಟರ್, ಅಂದರೆ ಮೆಷಿನ್ ಕೆಲಸಕ್ಕೆ ಸಿದ್ಧ ಮಾಡಿಕೊಡುವವನು, ಈ ಯುಗಾದಿ ಕಳೆದ ಮೇಲೆ ಎರಡನೇ ಶಿಫ್ಟ್‌ಗೆ ಸೂಪರ್‌ವೈಸರ್ ಮಾಡಿದ್ದಾರೆ. ನನ್ನ ಕೆಳಗೆ 14 ಜನ. ಅದರಲ್ಲಿ 5 ಜನ ಕಾಂಟ್ರಾಕ್ಟ್ ಹೆಲ್ಪರ್‌ಗಳು.

ಹೋದ ತಿಂಗಳು ಹೊಸ ಸೂಪರ್‌ವೈಸರ್‌ಗಳಿಗೆ ಅಂತ ಒಂದು ದಿನದ ಟ್ರೇನಿಂಗ್ ಇಟ್ಟಿದ್ದರು. ಅಲ್ಲಿ ಬಂದಿದ್ದ ಮೇಡಂ ಒಂದು ಅಭ್ಯಾಸ ಹೇಳಿಕೊಟ್ಟರು. ದಿನಾ ರಾತ್ರಿ ಮಲಗುವ ಮುಂಚೆ ಕೃತಜ್ಞತೆ ಅನ್ನಿಸಿದ ಮೂರು ವಿಷಯ ಬರೆಯಿರಿ, ದಿನಾ ನಿಮ್ಮ ಟೀಮ್‌ಗೆ ಥ್ಯಾಂಕ್ಸ್ ಹೇಳಿ ಅಂತ. ನನಗೆ ಅದು ನಿಜವಾಗಿಯೂ ಹಿಡಿಸಿತು. ಯಾಕೆಂದರೆ ಸೂಪರ್‌ವೈಸರ್ ಆದ ಮೇಲೆ ನನ್ನ ಕಣ್ಣಿಗೆ ತಪ್ಪು ಬಿಟ್ಟು ಬೇರೆ ಏನೂ ಬೀಳುತ್ತಿರಲಿಲ್ಲ. ಎಷ್ಟು ರಿಜೆಕ್ಷನ್, ಯಾವ ಮೆಷಿನ್ ನಿಂತಿದೆ, ಯಾರು ಟೀಗೆ ಹೋಗಿ 10 ನಿಮಿಷ ಜಾಸ್ತಿ ತಗೊಂಡರು, ಬರೀ ಇದೇ. ರಾತ್ರಿ ಹನ್ನೊಂದೂವರೆಗೆ ಮನೆಗೆ ಹೋಗಿ ಊಟಕ್ಕೆ ಕೂತರೂ ತಲೆಯಲ್ಲಿ ಅದೇ ಲೆಕ್ಕ.

9 ದಿನ ಬರೆದೆ. ಮೊದಲ ಎರಡು ಮೂರು ದಿನ ಚೆನ್ನಾಗಿತ್ತು. ಆಮೇಲೆ ನೋಡಿದರೆ ದಿನಾ ಅದೇ ಮೂರು. ಆರೋಗ್ಯ, ಮಗಳು, ಕೆಲಸ. ಹತ್ತನೇ ದಿನ ಪುಸ್ತಕ ತೆಗೆಯಲೇ ಇಲ್ಲ.

ಥ್ಯಾಂಕ್ಸ್ ಹೇಳಿದ್ದು ಇನ್ನೂ ಬೇಜಾರಾಯಿತು. ನಮ್ಮಲ್ಲಿ ಒಬ್ಬ ಹಿರಿಯ ಆಪರೇಟರ್ ಇದ್ದಾರೆ, ಐವತ್ತು ದಾಟಿದೆ. ನಾನು ಸೇರಿದಾಗ ಆಫ್‌ಸೆಟ್ (ಟೂಲ್ ಅಳತೆಯ ತಿದ್ದುಪಡಿ) ಕೊಡುವುದನ್ನು ಕೈ ಹಿಡಿದು ಕಲಿಸಿದವರು ಅವರೇ. ಆಗ ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದರು, ಈಗ ಸಾರ್ ಅನ್ನುತ್ತಾರೆ. ಒಂದು ಗುರುವಾರ ಶಿಫ್ಟ್ ಮುಗಿಯುವಾಗ ಹತ್ತಿರ ಹೋಗಿ “ಥ್ಯಾಂಕ್ಸ್ ಅಣ್ಣ, ಇವತ್ತು ಚೆನ್ನಾಗಿ ಮಾಡಿದ್ರಿ” ಅಂದೆ. ಅವರು ಗ್ಲೌಸ್ ಬಿಚ್ಚುತ್ತಾ “ಏನ್ ಸಾರ್, ಭಾನುವಾರ ಬರಬೇಕಾ?” ಅಂತ ಕೇಳಿದರು. ಕುಹಕ ಇರಲಿಲ್ಲ, ನಿಜವಾಗಿಯೇ ಕೇಳಿದರು. ನನಗೆ ಮಾತು ಹೊರಡಲಿಲ್ಲ. ಆಮೇಲೆ ಯೋಚನೆ ಮಾಡಿದಾಗ ಗೊತ್ತಾಯಿತು, ನಮ್ಮ ಶಾಪ್‌ನಲ್ಲಿ ಇಷ್ಟು ವರ್ಷ ಯಾವ ಸೂಪರ್‌ವೈಸರ್ ಆಗಲಿ ಹೊಗಳಿದ್ದು ಭಾನುವಾರದ ಓಟಿಗೆ (ಓವರ್‌ಟೈಮ್‌ಗೆ) ಕರೆಯುವ ಮುಂಚೆ ಮಾತ್ರ. ನಾನೂ ಎರಡು ಸಲ ಹಾಗೇ ಮಾಡಿದ್ದೇನೆ.

ಮೂರು ಪ್ರಶ್ನೆ. ದಿನಾ ಮಾಡಿದರೂ ಬರೀ ಬಾಯಿಮಾತು ಆಗದ ಹಾಗೆ ಇದನ್ನು ಹೇಗೆ ಉಳಿಸಿಕೊಳ್ಳುವುದು? ಎರಡನೆಯದು, ಕನ್ನಡದಲ್ಲಿ ಏನಂತ ಹೇಳುವುದು? ಧನ್ಯವಾದ ಅಂದರೆ ವೇದಿಕೆ ಮೇಲಿನ ಮಾತು, ಥ್ಯಾಂಕ್ಸ್ ಅಂದರೆ ಅಂಗಡಿಯಲ್ಲಿ ಚಿಲ್ಲರೆ ತಗೊಂಡಾಗ ಹೇಳುವ ಮಾತು. ಮೂರನೆಯದು, ಅದೇ ದಿನ ಅದೇ ಮನುಷ್ಯನಿಗೆ ಬೈಯಬೇಕಾಗಿ ಬಂದರೆ?

---

ನಿವೃತ್ತ ಹೆಡ್‌ಮಿಸ್, ಸಾಗರ

ತಮ್ಮಾ, ಮೊದಲು ಆ ಹಿರಿಯರ ಮಾತಿಗೆ ಬೇಜಾರು ಮಾಡಿಕೊಳ್ಳಬೇಡ. ಇಷ್ಟು ವರ್ಷ ಅವರು ಕಂಡಿದ್ದನ್ನೇ ಕೇಳಿದ್ದಾರೆ.

ನಾನು ಸಾಗರ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ ಆಗಿದ್ದೆ. 2013ರಲ್ಲಿ ಕ್ಷೀರಭಾಗ್ಯ ಶುರುವಾಯಿತು ನೋಡು, ಆವಾಗಿಂದ ಬೆಳಿಗ್ಗೆ ಮಕ್ಕಳಿಗೆ ಹಾಲು ಕೊಡಬೇಕು. ಹಾಲಿನ ಪುಡಿ ಬರುತ್ತದೆ, ಅದನ್ನು ಕಲಸಿ ಕಾಯಿಸಿ ಒಬ್ಬೊಬ್ಬರಿಗೆ 150 ಮಿಲಿ. ನಮ್ಮ ಶಾಲೆಯಲ್ಲಿ ಅಡುಗೆಗೆ ಇಬ್ಬರು ಇದ್ದರು. ಹಾಲು ಬರುತ್ತಿತ್ತು, ಮಕ್ಕಳು ಕುಡಿಯುತ್ತಿದ್ದರು, ನಾನು ಲೆಕ್ಕ ಬರೆಯುತ್ತಿದ್ದೆ. ಅಷ್ಟೇ. ಒಂದು ಮಳೆಗಾಲ ಇಬ್ಬರೂ ಒಟ್ಟಿಗೆ ಬರಲಾಗಲಿಲ್ಲ. ಹಳ್ಳ ಏರಿ ದಾರಿ ಬಂದ್ ಆಗಿತ್ತು. ನಾನೇ ಸೌಟು ಹಿಡಿದೆ. ಪುಡಿಯೆಲ್ಲ ಗಂಟು ಗಂಟು, ತಳ ಸೀದು ವಾಸನೆ, ಒಂದನೇ ಕ್ಲಾಸಿನ ಮಕ್ಕಳು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ಆವತ್ತು ನನಗೆ ಹೊಟ್ಟೆಯೊಳಗೆ ಏನೋ ಆಯಿತು. ವರ್ಷಗಟ್ಟಲೆ ಒಂದು ದಿನವೂ ಗಂಟಾಗಿರಲಿಲ್ಲ, ಅದು ತಾನಾಗೇ ಆಗುವುದು ಅಂದುಕೊಂಡಿದ್ದೆ.

ಎರಡು ದಿನ ಬಿಟ್ಟು ಅವರು ಬಂದಾಗ ಥ್ಯಾಂಕ್ಸ್ ಅನ್ನಲಿಲ್ಲ. “ಗಂಟಾಗದ ಹಾಗೆ ಹೇಗೆ ಮಾಡ್ತೀರೇ? ನನಗೆ ಬರಲಿಲ್ಲ” ಅಂದೆ. ಆ ಹೆಂಗಸು ಅಡುಗೆಮನೆ ಬಾಗಿಲಲ್ಲಿ ನಿಂತು ಹತ್ತು ನಿಮಿಷ ಹೇಳಿದಳು. ಮೊದಲು ಉಗುರು ಬೆಚ್ಚಗಿನ ನೀರು ಸ್ವಲ್ಪವೇ ತಗೊಂಡು ದೋಸೆ ಹಿಟ್ಟಿನ ಹದಕ್ಕೆ ಕಲಸಬೇಕು, ಆಮೇಲೆ ಉಳಿದ ನೀರು, ಕುದಿ ಬರುವ ತನಕ ಕೈ ಬಿಡಬಾರದು. ಅವಳ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅವತ್ತಿನಿಂದ ರಿಟೈರ್ ಆಗುವ ತನಕ ನನ್ನ ಡೈರಿಯ ಹಿಂದಿನ ಪುಟಗಳಲ್ಲಿ ದಿನಕ್ಕೆ ಒಂದು ಸಾಲು ಬರೆದೆ. ಮೂರಲ್ಲ, ಒಂದೇ. ನನಗೆ ಏನು ಅನ್ನಿಸಿತು ಅಂತ ಅಲ್ಲ, ಯಾರು ಏನು ಮಾಡಿದರು ಅಂತ. “ಐದನೇ ಕ್ಲಾಸಿನ ಮೇಷ್ಟ್ರು ಅಂಗಿ ಗುಂಡಿ ಇಲ್ಲದ ಹುಡುಗನಿಗೆ ಯಾರಿಗೂ ಕಾಣದ ಹಾಗೆ ಪಿನ್ನು ಹಾಕಿದರು.” ಇಂಥದ್ದು. ಕೆಲವು ದಿನ ಬರೆಯಲು ಏನೂ ಸಿಗುತ್ತಿರಲಿಲ್ಲ. ತಿರುಗಿಸಿ ನೋಡಿದರೆ ಅಂಥ ದಿನಗಳೆಲ್ಲ ನಾನು ಆಫೀಸಿನಲ್ಲಿ ಕೂತು ಮೇಲಿನವರಿಗೆ ಮಾಹಿತಿ ಕಳಿಸುತ್ತಿದ್ದ ದಿನಗಳು. ಅಂದರೆ ಯಾರೂ ಏನೂ ಮಾಡಿರಲಿಲ್ಲ ಅಂತಲ್ಲ, ನಾನು ಕೋಣೆ ಬಿಟ್ಟು ಎದ್ದಿರಲಿಲ್ಲ. ನಿನ್ನ ಪುಸ್ತಕದಲ್ಲಿ ಆರೋಗ್ಯ, ಮಗಳು, ಕೆಲಸ ಅಂತಲೇ ಬಂದಿದ್ದು ಯಾಕೆ ಗೊತ್ತಾ? ನೀನು ಅದನ್ನು ರಾತ್ರಿ ಮನೆಯಲ್ಲಿ ಕೂತು ಬರೆದೆ. ಶಾಪ್‌ನಲ್ಲೇ ಬರೆ, ಮೆಷಿನ್ ಹತ್ತಿರ ನಿಂತು.

ಇನ್ನು ಕನ್ನಡದಲ್ಲಿ ಏನು ಹೇಳುವುದು ಅಂದೆಯಲ್ಲ. ನಮ್ಮ ಕಡೆ ಅದಕ್ಕೆ ಮಾತು ಬೇಕಾದಷ್ಟಿವೆ, ಒಂದೇ ಪದದಲ್ಲಿ ಇಲ್ಲ ಅಷ್ಟೇ. “ನೀನು ಇದ್ದಿದ್ದಕ್ಕೆ ಆಯ್ತು.” “ನಿನ್ನಿಂದ ಇವತ್ತು ಕೆಲಸ ಉಳೀತು.” “ದೊಡ್ಡ ಉಪಕಾರ ಆಯ್ತು ಮಾರಾಯ.” ಇದರಲ್ಲಿ ಒಂದಕ್ಕೆ ಅವರು ಮಾಡಿದ ಕೆಲಸದ ಹೆಸರು ಸೇರಿಸು, ಸಾಕು.

---

ವಾರ್ಡ್ ಇನ್‌ಚಾರ್ಜ್

ಮೇಡಂ ಬರೆದಿದ್ದು ಓದಿ ಕಣ್ಣು ತುಂಬಿತು.

ನಾನು ಹುಬ್ಬಳ್ಳಿಯಲ್ಲಿ ಒಂದು ಆಸ್ಪತ್ರೆಯ ಮೆಡಿಸಿನ್ ವಾರ್ಡ್ ಇನ್‌ಚಾರ್ಜ್ ಸಿಸ್ಟರ್. ನಿಮ್ಮ ಮೂರನೇ ಪ್ರಶ್ನೆಗೆ ಉತ್ತರ ಹೇಳುತ್ತೇನೆ, ಅದಕ್ಕೆ ಮುಂಚೆ ನಮ್ಮಲ್ಲಿ ಮಾಡಿದ್ದು.

ಬೆಳಿಗ್ಗೆ ನೈಟ್ ಡ್ಯೂಟಿಯವರು ಹ್ಯಾಂಡ್‌ಓವರ್ ಕೊಡುವಾಗ ಬೆಡ್ ಬೆಡ್ಡಿಗೂ ಹೇಳುತ್ತಾ ಹೋಗುತ್ತಾರೆ. ಯಾರಿಗೆ ಜ್ವರ, ಯಾರ ರಿಪೋರ್ಟ್ ಬರಬೇಕು, ಯಾವ ಔಷಧಿ ಬಾಕಿ. ಕೊನೆಗೆ ನನ್ನಿಂದ ಬೈಗುಳ, ಇದು ಯಾಕೆ ಆಗಿಲ್ಲ, ಅದು ಯಾಕೆ ಬರೆದಿಲ್ಲ. 12 ಗಂಟೆ ನಿಂತವರು ಮನೆಗೆ ಹೋಗುವಾಗ ಕಿವಿಯಲ್ಲಿ ತಗೊಂಡು ಹೋಗುತ್ತಿದ್ದದ್ದು ಅದನ್ನೇ. ಒಂದು ದಿನ ಅದನ್ನು ಬದಲಾಯಿಸಿದೆ. ಎಲ್ಲ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳುತ್ತೇನೆ, “ರಾತ್ರಿ ಯಾರಿಂದ ಕೆಲಸ ಹಗುರ ಆಯ್ತು?” ನಾನು ಹೊಗಳುವುದಿಲ್ಲ, ಅವರೇ ಹೇಳುತ್ತಾರೆ. ಮೊದಲ ವಾರ ಎಲ್ಲರೂ ಸುಮ್ನೆ ನಿಂತರು. ಎರಡನೇ ವಾರ ಒಬ್ಬಳು ಆಯಾ ಹೆಸರು ಹೇಳಿದಳು. ರಾತ್ರಿ ಮೂರು ಗಂಟೆಗೆ ಒಬ್ಬ ಅಜ್ಜನ ಹಾಸಿಗೆ ಒದ್ದೆ ಆಗಿದ್ದು ನೋಡಿ, ಸಲೈನ್ ಸೂಜಿ ಕಿತ್ತು ಬಂದಿದೆ ಅಂತ ಓಡಿ ಬಂದು ಹೇಳಿದ್ದು ಆಯಾನೇ ಅಂತ. ಇಷ್ಟು ವರ್ಷದಲ್ಲಿ ಹ್ಯಾಂಡ್‌ಓವರ್‌ನಲ್ಲಿ ಆಯಾ ಹೆಸರು ಬಂದಿದ್ದು ಅದೇ ಮೊದಲು.

ಆದರೆ ನಾನು ಒಂದು ತಪ್ಪು ಮಾಡಿದೆ. ಅವಳನ್ನು ಎಲ್ಲರ ಮುಂದೆ ಕರೆದು ಚಪ್ಪಾಳೆ ತಟ್ಟಿಸಿದೆ. ಮಧ್ಯಾಹ್ನ ಅವಳು ಬಂದು “ಅಕ್ಕಾ, ಹಂಗ ಎಲ್ಲಾರ ಮುಂದ ಕರೀಬ್ಯಾಡ್ರಿ, ಉಳಿದವರು ಆಡಿಕೊಳ್ಳತಾರ” ಅಂದಳು. ಆಗ ಅರ್ಥ ಆಯಿತು. ಕೆಲವರಿಗೆ ಎಲ್ಲರ ಮುಂದೆ ಹೇಳಿದರೆ ಖುಷಿ, ಕೆಲವರಿಗೆ ಅದೇ ಸಂಕಟ. ನಿಮ್ಮ 14 ಜನರಲ್ಲಿ ಯಾರು ಹೇಗೆ ಅಂತ ನೀವು ನೋಡಿಕೊಳ್ಳಬೇಕು.

ಬೈಯುವುದರ ಬಗ್ಗೆ. ಬೈಯಬೇಕಾದ್ದನ್ನು ಬೈಯಿರಿ, ಆದರೆ ಅದೇ ಉಸಿರಿನಲ್ಲಿ ಹೊಗಳಬೇಡಿ. ಮೊದಲು ಒಳ್ಳೆಯದು ಹೇಳು, ನಡುವೆ ತಪ್ಪು ಹೇಳು, ಮತ್ತೆ ಒಳ್ಳೆಯದು ಹೇಳಿ ಮುಗಿಸು ಅಂತ ಟ್ರೇನಿಂಗ್‌ಗಳಲ್ಲಿ ಹೇಳಿಕೊಡುತ್ತಾರಲ್ಲ, ನನಗೆ ಅದು ಸರಿ ಕಾಣಲಿಲ್ಲ. ಎರಡು ಸಲ ಹಾಗೆ ಮಾಡಿದರೆ ಮೂರನೇ ಸಲ ನೀವು ಹೊಗಳಲು ಬಾಯಿ ತೆರೆದ ಕೂಡಲೇ ಅವರು ಬೈಗುಳಕ್ಕೆ ಕಾಯುತ್ತಾ ನಿಲ್ಲುತ್ತಾರೆ. ನಿಮ್ಮ ಭಾನುವಾರದ ಓಟಿ ಕಥೆಯೂ ಅದೇ ಅಲ್ವಾ?

---

ಲೈನ್ ನಂಬರ್ 6

ಎಲ್ಲರೂ ಮೇಲಿನವರ ಕಡೆಯಿಂದ ಬರೆದಿದ್ದೀರಿ. ನಾನು ಕೆಳಗಿನಿಂದ ಬರೆಯುತ್ತೇನೆ. ಬೊಮ್ಮನಹಳ್ಳಿ ಕಡೆ ಗಾರ್ಮೆಂಟ್ಸ್‌ನಲ್ಲಿ 9 ವರ್ಷ ಟೈಲರ್ ಆಗಿದ್ದೆ, ಈಗ ಬೇರೆ ಕಡೆ ಇದ್ದೇನೆ.

ನಾವು ಇದ್ದ ಕಡೆ ಮಹಿಳಾ ದಿನಾಚರಣೆಗೆ ಎಲ್ಲರಿಗೂ ಒಂದೊಂದು ಗುಲಾಬಿ ಕೊಟ್ಟು, ನೀವೇ ನಮ್ಮ ಶಕ್ತಿ ಅಂತ ಮೈಕ್‌ನಲ್ಲಿ ಹೇಳಿದರು. ಅದೇ ವಾರ ನನ್ನ ಪಕ್ಕದ ಮೆಷಿನ್‌ನವಳು ಮಗುವಿಗೆ ಜ್ವರ ಅಂತ ಅರ್ಧ ದಿನ ರಜೆ ಕೇಳಿದರೆ ಟಾರ್ಗೆಟ್ ಮುಗಿಸಿ ಹೋಗು ಅಂದರು. ಅವಳು ಆ ಗುಲಾಬಿಯನ್ನು ಮೆಷಿನ್ ಮೇಲೆ ಬಿಟ್ಟು ಹೋದಳು. ಕೃತಜ್ಞತೆ ಅಂದ ಕೂಡಲೇ ನನಗೆ ನೆನಪಾಗುವುದು ಅದು.

ಸಂಬಳ ನಿಮ್ಮ ಕೈಯಲ್ಲಿ ಇಲ್ಲ, ಗೊತ್ತು. ಆದರೆ ನಿಮ್ಮ ಕೈಯಲ್ಲಿ ಇರುವುದೂ ಕಡಿಮೆ ಏನಿಲ್ಲ. ಭಾನುವಾರ ಬರಬೇಕು ಅಂತ ಶನಿವಾರ ರಾತ್ರಿ ಹೇಳುತ್ತೀರೋ, ಬುಧವಾರ ಹೇಳುತ್ತೀರೋ ಅದು ನಿಮ್ಮದು. ಓಟಿ ಗಂಟೆ ಸರಿಯಾಗಿ ಬರೆದಿದ್ದಾರೋ ಇಲ್ಲವೋ ನೋಡುವುದು ನಿಮ್ಮದು. ಓಟಿಗೆ ಎರಡು ಪಟ್ಟು ಕೂಲಿ ಕೊಡಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯಿಂದಲೂ ಇದೆ, ನಿಮ್ಮ ಕಾಂಟ್ರಾಕ್ಟ್ ಹುಡುಗರಿಗೆ ಅದು ಸಿಗುತ್ತಿದೆಯಾ ಅಂತ ಒಂದು ಸಲ ಕೇಳಿ ನೋಡಿ. ಯಾರ ಅಮ್ಮನಿಗೆ ಹುಷಾರಿಲ್ಲ, ಯಾರಿಗೆ ಕೊನೆ ಬಸ್ ತಪ್ಪುತ್ತದೆ ಅಂತ ಗೊತ್ತಿಟ್ಟುಕೊಳ್ಳುವುದು ನಿಮ್ಮದು. ಇದೆಲ್ಲ ಸರಿ ಇದ್ದರೆ ನೀವು ಥ್ಯಾಂಕ್ಸ್ ಅಂದಾಗ ಅದು ಒಳಗೆ ಇಳಿಯುತ್ತದೆ. ಇಲ್ಲದಿದ್ದರೆ ಹೇಳದೆ ಇರುವುದೇ ಮರ್ಯಾದೆ.

ಇನ್ನೊಂದು. ಒಂದು ಸಲ ಒಂದು ಆರ್ಡರ್‌ನಲ್ಲಿ ಸೈಜ್ ಲೇಬಲ್ ಅದಲು ಬದಲಾಗಿದ್ದನ್ನು ನಾನು ಹಿಡಿದೆ. ಎರಡು ಬಂಡಲ್ ಹೊಲಿಯುವಷ್ಟರಲ್ಲಿ ನಿಲ್ಲಿಸಿದೆ. ಫ್ಲೋರ್ ಇನ್‌ಚಾರ್ಜ್ ನನಗೆ ಥ್ಯಾಂಕ್ಸ್ ಹೇಳಿದರು, ಬೆನ್ನು ತಟ್ಟಿದರು. ಸಂಜೆ ಮೀಟಿಂಗ್‌ನಲ್ಲಿ ಮ್ಯಾನೇಜರ್ ಮುಂದೆ “ನಾನು ಚೆಕ್ ಮಾಡುವಾಗ ಸಿಕ್ಕಿತು” ಅಂದರಂತೆ. ನನಗೆ ಹೇಳಿದ ಆ ಥ್ಯಾಂಕ್ಸ್ ವಾಪಸ್ ಕಿತ್ತುಕೊಂಡ ಹಾಗಾಯಿತು. ದಯವಿಟ್ಟು ನಮ್ಮ ಮುಂದೆ ಕಡಿಮೆ ಹೇಳಿ, ನಿಮ್ಮ ಮೇಲಿನವರ ಮುಂದೆ ನಮ್ಮ ಹೆಸರು ಹೇಳಿ.

---

ಮೈಸೂರು ಟೂಲ್ ರೂಮ್

ಲೈನ್ ನಂಬರ್ 6 ಅಕ್ಕ ಹೇಳಿದ್ದು ನೂರಕ್ಕೆ ನೂರು.

ನನ್ನದು ಸಣ್ಣ ಮಾತು. ಆ ಹಿರಿಯ ಆಪರೇಟರ್ ನಿಮಗೆ ಗುರು. ಗುರುವಿಗೆ ಶಿಷ್ಯ ಬಂದು “ಚೆನ್ನಾಗಿ ಮಾಡಿದ್ರಿ” ಅಂದರೆ ಅದು ಮೇಲಿನಿಂದ ಹೇಳಿದ ಹಾಗೆ ಕೇಳುತ್ತದೆ. ಅವರ ಹತ್ತಿರ ಹೋಗಿ ನಿಮಗೆ ಬಾರದ್ದು ಏನಾದರೂ ಕೇಳಿ. ಸಾಗರದ ಮೇಡಂ ಹಾಲಿನ ವಿಷಯ ಕೇಳಿದ ಹಾಗೆ.

---

ಎಚ್‌ಎಸ್‌ಆರ್ ಲೇಔಟ್

ಮೇಲಿನವರ ಮುಂದೆ ಹೆಸರು ಹೇಳಿ ಅಂದಿದ್ದಕ್ಕೆ ನಮ್ಮ ಬೆಂಗಳೂರಿನದೇ ಒಂದು ಉದಾಹರಣೆ ನೆನಪಾಯಿತು. 1979ರ ಆಗಸ್ಟ್ 10ರಂದು ಶ್ರೀಹರಿಕೋಟದಿಂದ ಹಾರಿದ ಎಸ್‌ಎಲ್‌ವಿ-3 ರಾಕೆಟ್ ಸಮುದ್ರಕ್ಕೆ ಬಿತ್ತು. ಅದರ ಹೊಣೆ ಹೊತ್ತಿದ್ದವರು ಅಬ್ದುಲ್ ಕಲಾಂ. ಇಸ್ರೋ ಅಧ್ಯಕ್ಷರಾಗಿದ್ದವರು ಸತೀಶ್ ಧವನ್, ಆಗ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನ (ಐಐಎಸ್‌ಸಿ) ನಿರ್ದೇಶಕರೂ ಅವರೇ. ಪತ್ರಕರ್ತರ ಮುಂದೆ ಧವನ್ ತಾವೇ ಕೂತು ಸೋಲಿನ ಮಾತೆಲ್ಲ ತಮ್ಮ ಮೇಲೆ ಹಾಕಿಕೊಂಡರು. ಮುಂದಿನ ವರ್ಷ ಜುಲೈ 18ಕ್ಕೆ ಅದೇ ಎಸ್‌ಎಲ್‌ವಿ-3 ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಆಗ ಧವನ್, ಈ ಸಲ ಪತ್ರಿಕಾಗೋಷ್ಠಿ ನೀವು ನಡೆಸಿ ಅಂತ ಕಲಾಂ ಅವರನ್ನು ಕಳಿಸಿದರು. ಕಲಾಂ ಇದನ್ನು ಜೀವನ ಪೂರ್ತಿ ಹೇಳಿಕೊಂಡು ಬಂದರು. ಥ್ಯಾಂಕ್ಸ್ ಅನ್ನುವ ಪದ ಅಲ್ಲಿ ಎಲ್ಲೂ ಬೇಕಾಗಲಿಲ್ಲ ನೋಡಿ.

ಇನ್ನು ದಿನಾ ಬರೆಯುವುದರ ಬಗ್ಗೆ. ನಾನು 9 ಜನರ ಸಾಫ್ಟ್‌ವೇರ್ ಟೀಮ್ ನೋಡಿಕೊಳ್ಳುತ್ತೇನೆ, ನನಗೂ ನಿಮ್ಮ ಹಾಗೇ ಬೇಗ ಒಣಗಿತು. ಆಮೇಲೆ ಈ ಬಗ್ಗೆ ಓದಿದೆ. 2003ರಲ್ಲಿ ಅಮೆರಿಕದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲ್ಲೊ ಅನ್ನುವ ಮನಶ್ಶಾಸ್ತ್ರಜ್ಞರು ಕೆಲವರಿಗೆ ಕೃತಜ್ಞತೆ ಅನ್ನಿಸಿದ ವಿಷಯಗಳನ್ನೂ ಕೆಲವರಿಗೆ ಕಿರಿಕಿರಿಗಳನ್ನೂ ಬರೆಯಲು ಹೇಳಿದರು. ಕೃತಜ್ಞತೆಯ ವಿಷಯ ಬರೆದವರಿಗೆ ತಮ್ಮ ಬದುಕು ಚೆನ್ನಾಗಿದೆ ಅನ್ನಿಸಿತು. ನಿಮ್ಮ ಟ್ರೇನಿಂಗ್ ಮೇಡಂ ಹೇಳಿದಂಥ ಅಭ್ಯಾಸಗಳ ಹಿಂದೆ ಇಂಥ ಕೆಲಸ ಇದೆ. ಆದರೆ ಆಮೇಲೆ ಸೋನ್ಯಾ ಲ್ಯೂಬೊಮಿರ್ಸ್ಕಿ ಮತ್ತು ಜೊತೆಯವರು ನೋಡಿದಾಗ ವಾರಕ್ಕೆ ಒಂದು ಸಲ ಬರೆದವರಿಗೆ ಫಲ ಸಿಕ್ಕಿತು, ವಾರಕ್ಕೆ ಮೂರು ಸಲ ಬರೆದವರಿಗೆ ಸಿಗಲಿಲ್ಲ. ಜಾಸ್ತಿ ಬರೆದರೆ ಅದು ಕಂದಾಯ ಕಟ್ಟಿದ ಹಾಗಾಗುತ್ತದೆ ಅಂತ ನನಗೆ ಅನ್ನಿಸುತ್ತದೆ. ಹಾಗಾಗಿ ನಾನು ದಿನಾ ಬರೀ ಗಮನಿಸುತ್ತೇನೆ, ಶುಕ್ರವಾರ ಮಾತ್ರ ಕೂತು ಒಬ್ಬರಿಗೆ ನಾಲ್ಕು ಸಾಲು ಬರೆದು ಕಳಿಸುತ್ತೇನೆ.

ಹೇಳಲು ಮುಜುಗರ ಆಗುವುದರ ಬಗ್ಗೆಯೂ ಒಂದಿದೆ. 2018ರಲ್ಲಿ ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಕೃತಜ್ಞತೆಯ ಪತ್ರ ಬರೆಸಿ ನೋಡಿದರು. ಬರೆದವರು ಓದುವವರಿಗೆ ಮುಜುಗರ ಆಗುತ್ತದೆ ಅಂತ ಅಂದುಕೊಂಡಿದ್ದರು, ಅಷ್ಟು ಮುಜುಗರ ಓದಿದವರಿಗೆ ಆಗಿರಲಿಲ್ಲ, ಖುಷಿ ಮಾತ್ರ ಅಂದುಕೊಂಡಿದ್ದಕ್ಕಿಂತ ಜಾಸ್ತಿ ಆಗಿತ್ತು. ಅದಕ್ಕೇ ಹೇಳಿದ್ದು, ಒಂದು ಸಲ ಸೋತಿತು ಅಂತ ಬಿಡಬೇಡಿ.

---

ಪೀಣ್ಯ ಎರಡನೇ ಶಿಫ್ಟ್

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ತಡ ಆಯಿತು, ಆದರೆ ಮಾಡಿ ನೋಡದೆ ಬರೆಯುವುದು ಬೇಡ ಅನ್ನಿಸಿತು.

ಅಂಗಿ ಜೇಬಿಗೆ ಹಿಡಿಯುವ ಪುಸ್ತಕ ತಂದೆ. ದಿನಕ್ಕೆ ಒಂದು ಸಾಲು, ಶಾಪ್‌ನಲ್ಲೇ, ಎಂಟು ಗಂಟೆ ಊಟದ ಬ್ರೇಕ್‌ಗೆ ಮುಂಚೆ. ವಾರಕ್ಕೊಮ್ಮೆ ಬರೆದರೂ ಸಾಕು ಅಂದಿರಿ, ಆದರೆ ನನಗೆ ಬರೆಯದಿದ್ದರೆ ಗಮನಿಸುವುದೇ ತಪ್ಪಿ ಹೋಗುತ್ತದೆ, ಹಾಗಾಗಿ ದಿನಾ. 18 ಶಿಫ್ಟ್‌ಗೆ 15 ಸಾಲು ಇದೆ. ಖಾಲಿ ಇರುವ ಮೂರು ದಿನ ಆಡಿಟ್ ಪೇಪರ್ ಮಾಡುತ್ತಾ ಟೇಬಲ್ ಬಿಟ್ಟು ಎದ್ದಿರಲಿಲ್ಲ. ಮೇಡಂ, ನೀವು ಹೇಳಿದ್ದು ಅಕ್ಷರ ಅಕ್ಷರ ನಿಜ.

ಎರಡು ಸಾಲು ಇಲ್ಲಿ ಹಾಕುತ್ತೇನೆ. ಪ್ಲಗ್ ಗೇಜ್ ಅಂದರೆ ತೂತಿನ ಅಳತೆ ನೋಡುವ ಸಾಧನ, ಇನ್ಸರ್ಟ್ ಅಂದರೆ ಲೋಹ ಕತ್ತರಿಸುವ ತುದಿ, ಚಿಪ್ ಅಂದರೆ ಕತ್ತರಿಸಿದಾಗ ಬೀಳುವ ಲೋಹದ ಚೂರು. “ಮೂರನೇ ಮೆಷಿನ್: ಪ್ಲಗ್ ಗೇಜ್ ಬಿಗಿ ಬಂತು ಅಂತ ನಾಲ್ಕನೇ ಪೀಸಿಗೇ ನಿಲ್ಲಿಸಿ ಇನ್ಸರ್ಟ್ ಬದಲಾಯಿಸಿದ, ನನ್ನನ್ನು ಕರೆಯಲಿಲ್ಲ, ಕರೆಯುವ ಅಗತ್ಯವೂ ಇರಲಿಲ್ಲ.” “ಹೆಲ್ಪರ್ ಹುಡುಗ: ಶಿಫ್ಟ್ ಶುರುವಿಗೆ 10 ನಿಮಿಷ ಮುಂಚೆ ಬಂದು ಚಿಪ್ ಎಲ್ಲ ಎಳೆದು ಹಾಕಿದ್ದ, ಮೊದಲ ಶಿಫ್ಟ್‌ನವರು ಬಿಟ್ಟು ಹೋಗಿದ್ದು.” ಈ ಹುಡುಗ ದಿನಾ ಹಾಗೆ ಮಾಡುತ್ತಿದ್ದನಂತೆ, ಎಂಟು ತಿಂಗಳಿಂದ. ನಾನು ನೋಡಿದ್ದು ಈ ತಿಂಗಳು.

ಹಿರಿಯರ ಹತ್ತಿರ ಹೋದೆ. ಒಂದು ಜಾಬ್‌ನಲ್ಲಿ ಬೋರಿಂಗ್ (ಬಾರ್‌ನ ತುದಿಯಲ್ಲಿರುವ ಟೂಲ್‌ನಿಂದ ತೂತನ್ನು ಒಳಗಿನಿಂದ ಕೊರೆಯುವುದು) ಮಾಡುವಾಗ ಕೂಗು ಬಂದು ಒಳಗೆಲ್ಲ ಗೆರೆ ಬೀಳುತ್ತಿತ್ತು, ನಾನು ಸ್ಪೀಡ್ ಇಳಿಸಿ ಏರಿಸಿ ಒದ್ದಾಡುತ್ತಿದ್ದೆ. ಕೇಳಿದೆ. ಅವರು ಬಾಗಿಲಿಗೆ ಕಿವಿ ಕೊಟ್ಟು ಎರಡು ಪೀಸ್ ಕೇಳಿಸಿಕೊಂಡು “ಬಾರ್ ಎಷ್ಟು ಹೊರಗೆ ಬಿಟ್ಟಿದ್ದಾರೆ ನೋಡಿ, ದಪ್ಪದ ನಾಲ್ಕು ಪಟ್ಟು ಮೀರಿದರೆ ಕೂಗದೆ ಇರುತ್ತಾ?” ಅಂದರು. ಒಳಗೆ ತಳ್ಳಿ ಬಿಗಿ ಮಾಡಿದೆವು, ನಿಂತಿತು. ಶಿಫ್ಟ್ ರಿಪೋರ್ಟ್‌ನಲ್ಲಿ ಸಮಸ್ಯೆ, ಪರಿಹಾರ, ಮುಂದೆ ಅವರ ಹೆಸರು ಬರೆದೆ. ಮಾರನೇ ದಿನ ಪ್ರೊಡಕ್ಷನ್ ಮ್ಯಾನೇಜರ್ ಬಂದು ಅವರನ್ನೇ ಕೇಳಿಕೊಂಡು ಹೋದರು. ಅವರು ಇನ್ನೂ ಸಾರ್ ಅಂತಲೇ ಕರೆಯುತ್ತಾರೆ. ಆದರೆ ಈಗ ಹೊಸ ಡ್ರಾಯಿಂಗ್ ಬಂದರೆ ನಾನು ಕರೆಯುವ ಮುಂಚೆ ಬಂದು ಪಕ್ಕದಲ್ಲಿ ನಿಂತು ನೋಡುತ್ತಾರೆ.

ಲೈನ್ ನಂಬರ್ 6 ಅಕ್ಕ, ಓಟಿ ಪಟ್ಟಿಯನ್ನು ಈಗ ಬುಧವಾರ ಬೋರ್ಡ್‌ಗೆ ಹಾಕುತ್ತಿದ್ದೇನೆ. ಒಂದು ವಾರ ಮಾತ್ರ ಅರ್ಜೆಂಟ್ ಆರ್ಡರ್ ಬಂದು ಶುಕ್ರವಾರ ಬದಲಾಯಿಸಬೇಕಾಯಿತು, ಯಾಕೆ ಅಂತ ಎಲ್ಲರಿಗೂ ನಿಂತು ಹೇಳಿದೆ. ಕಾಂಟ್ರಾಕ್ಟ್ ಹುಡುಗರ ಓಟಿ ಕೇಳಿದೆ. ಐವರಲ್ಲಿ ಇಬ್ಬರಿಗೆ ಹೋದ ತಿಂಗಳು ಆರು ಗಂಟೆ ಕಡಿಮೆ ಬರೆದಿದ್ದರು. ಕಾಂಟ್ರಾಕ್ಟರ್ ಹತ್ತಿರ ರಿಜಿಸ್ಟರ್ ತಗೊಂಡು ಹೋಗಿ ಕೂತೆ. ಈ ತಿಂಗಳ ಸಂಬಳದಲ್ಲಿ ಸೇರಿಸುತ್ತೇನೆ ಅಂದಿದ್ದಾರೆ, ಸೇರಿದ್ದು ಕಣ್ಣಾರೆ ನೋಡುವ ತನಕ ಬಿಡುವುದಿಲ್ಲ.

ಒಂದು ವಿಷಯ ಉಳಿದಿದೆ. ನಮ್ಮ ಶಿಫ್ಟ್ ರಿಪೋರ್ಟ್ ಫಾರ್ಮ್‌ನಲ್ಲಿ ಪರ್ಮನೆಂಟ್ ನೌಕರರ ಹೆಸರಿಗೆ ಮಾತ್ರ ಜಾಗ ಇದೆ, ಟಿಕೆಟ್ ನಂಬರ್ ಹಾಕಬೇಕು. ಹೆಲ್ಪರ್‌ಗಳಿಗೆ ನಂಬರ್ ಇಲ್ಲ. ಚಿಪ್ ತೆಗೆದ ಹುಡುಗನ ಹೆಸರನ್ನು ಕೆಳಗೆ ಖಾಲಿ ಜಾಗದಲ್ಲಿ ಪೆನ್ನಿನಲ್ಲಿ ಬರೆದು ಕಳಿಸುತ್ತಿದ್ದೇನೆ. ಇನ್ನೂ ಯಾರೂ ಬೇಡ ಅಂದಿಲ್ಲ.